ಬಾಲಣ್ಣನ ‘ಬೇಗ’

ಬಾಲಣ್ಣನಿಗೆ ಸರಿಯಾಗಿ ಬರುತ್ತಿದ್ದುದು ಮಲಯಾಳ ಒಂದೇ. ಕನ್ನಡ ಅರ್ಧಂಬರ್ಧ. ಆದರೆ ‘ಬೇಗ’ ಎನ್ನುವ ಒಂದು ಮಾತು ಮಾತ್ರ ಏಳು ಭಾಷೆಗಳಲ್ಲಿ ಅವರ ನಾಲಿಗೆ ಮೇಲಿರುತ್ತಿತ್ತು. ಬೇಗ, ವೇಗಂ, ಸೀಕ್ರಂ, ಜಲ್ದಿ ಎಂದು ಬೆಳಿಗ್ಗೆ ನನ್ನ ಜೊತೆ ಕಾಪಿ ಕುಡಿಯುತ್ತ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಮುದುಕನಿಗೆ ತಲೆ ಕೆಟ್ಟಿದೆ ಎಂದು ಹೊಸಬರು ಅಂದುಕೊಳ್ಳುತ್ತಿದ್ದರು.

ಕುಟ್ಟದ ಹತ್ತಿರದ ಕಾಪಿ ಎಸ್ಟೇಟಿನಲ್ಲಿ ನಾನು ರೈಟರ್. ಹಾಜರಿ ಕರೆದು ಕೆಲಸ ಹಂಚುವವಳು. ಬಾಲಣ್ಣ ಆನೆ ಕಾವಲಿನವರು. ಆಳುಗಳಿಗಿಂತ ಮುಂಚೆ ತೋಟ ಸುತ್ತಿ, ಲದ್ದಿ ಬಿಸಿಯಿದೆಯೇ, ಬೈನೆ ಮರ ಮುರಿದಿದೆಯೇ ಎಂದು ನೋಡಿ, ಇವತ್ತು ಆಳುಗಳನ್ನು ಯಾವ ಕಡೆ ಕಳಿಸಬಹುದು ಎಂದು ನನಗೆ ಹೇಳಬೇಕು. ಕೆಲಸ ಮುಗಿದರೆ ಲೈನ್ ಮನೆಗಳ ಕೊನೆಯ ಕೋಣೆಯಲ್ಲಿ ಒಬ್ಬರೇ. ಮದುವೆಯಾಗಿರಲಿಲ್ಲ. “ಇಷ್ಟು ನಿಧಾನ ನಡೆದ್ರೆ ಹೇಗೆ ಬಾಲಣ್ಣ?” ಎಂದು ಛೇಡಿಸಿದರೆ, “ಬೇಗ ಬಾ ಅನ್ಲಿಕ್ಕೆ ಮನೇಲಿ ಯಾರಿದ್ದಾರೆ ಮೋಳೇ?” ಎನ್ನುತ್ತಿದ್ದರು. ಮೋಳೇ ಎಂದರೆ ಮಗಳೇ. ಅವರು ನಗುತ್ತಲೇ ಹೇಳುತ್ತಿದ್ದರು. ಕ್ವಾರ್ಟರ್ಸಿನಲ್ಲಿ ನಾನೂ ಒಬ್ಬಳೇ ಇದ್ದುದರಿಂದ ನನಗೆ ನಗು ಬರುತ್ತಿರಲಿಲ್ಲ.

ಒಂದು ವರ್ಷ ಪಿಕ್ಕಿಂಗಿಗೆ ಅಸ್ಸಾಮಿನಿಂದ ಮಾಲತಿ ಎಂಬ ಬಂಗಾಳಿ ಮಾತಿನ ಹೆಂಗಸು ಬಂದಳು. ಬಂದು ವಾರವಾಗಿತ್ತಷ್ಟೆ. ಅವಳು ಸಾಲಿನ ಕೊನೆಯಲ್ಲಿ ಹಣ್ಣು ಕೊಯ್ಯುತ್ತಿದ್ದಾಗ ಮೇಲಿನ ದಾರಿಯಲ್ಲಿದ್ದ ಬಾಲಣ್ಣನಿಗೆ ಒಂಟಿ ಸಲಗ ಕಂಡಿತು. ತಮಗೆ ಬರುವ ಎಲ್ಲ ಭಾಷೆಗಳಲ್ಲೂ ‘ಬೇಗ’ ಎಂದು ಕೂಗಿದರು. ಅವರ ದನಿಯ ಗುರುತಿದ್ದ ಹಳೆಯ ಆಳುಗಳು ಓಡಿದರು. ಮಾಲತಿ ಓಡಲಿಲ್ಲ. ತಲೆ ಬಗ್ಗಿಸಿ ಇನ್ನೂ ಜೋರಾಗಿ ಹಣ್ಣು ಕೊಯ್ಯತೊಡಗಿದಳು. ಬಂದ ದಿನದಿಂದ ಮೇಸ್ತ್ರಿಯೂ ನಾನೂ ಅವಳ ಬೆನ್ನ ಹಿಂದೆ ನಿಂತು ಕೂಗಿದ್ದು ಇದೇ ಮಾತನ್ನು: ಬೇಗ ಬೇಗ, ಜಲ್ದಿ ಜಲ್ದಿ. ಆ ಮಾತು ಕಿವಿಗೆ ಬಿದ್ದರೆ ಕೈ ಚುರುಕು ಮಾಡಬೇಕು ಎಂದು ಅವಳು ಕಲಿತಿದ್ದಳು. ಕಲಿಸಿದವರು ನಾವೇ.

ಬಾಲಣ್ಣ ಪಟಾಕಿ ಹಚ್ಚಿ ಎಸೆಯುತ್ತ ಇಳಿಜಾರಿನಲ್ಲಿ ಓಡಿದರು. ಸಲಗ ಹಿಂತಿರುಗಿತು, ಅಷ್ಟರಲ್ಲಿ ಅವಳನ್ನು ದೂಡಿಯಾಗಿತ್ತು. ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ. ಗಂಡ ಅವಳನ್ನು ಊರಿಗೆ ಕರೆದುಕೊಂಡು ಹೋದ.

ಅವರು ಹೋದ ದಿನ ಬಾಲಣ್ಣ ಆಫೀಸಿನ ಬಾಗಿಲಿಗೆ ಬಂದು ನಿಂತರು. “ಪಿಕ್ಕಿಂಗಿಗೆ ಆ ಮಾತು ಹೇಳ್ಬೇಡಿ ಮೋಳೇ. ಬೇರೆ ಏನು ಬೇಕಾದ್ರೂ ಹೇಳಿ, ಬೈಯಿರಿ ಬೇಕಾದ್ರೆ. ಅದೊಂದು ಮಾತು ನಂಗೆ ಬಿಟ್ಟುಬಿಡಿ.” ಅಂದಿನಿಂದ ನಮ್ಮ ತೋಟದಲ್ಲಿ ಕೆಲಸಕ್ಕೆ ಆ ಮಾತು ಬಂದ್. ಮೇಸ್ತ್ರಿ ಗೊಣಗಿದ, ನಾನು ಪಟ್ಟು ಬಿಡಲಿಲ್ಲ.

ಆಮೇಲೆ ಹೊಸ ಕುಟುಂಬ ಬಂದಾಗಲೆಲ್ಲ ಬಾಲಣ್ಣ ಅವರ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಕೈಯನ್ನು ಹಾವಿನ ಹೆಡೆಯಂತೆ ಎತ್ತಿ, “ಮಗೂ ಹತ್ರ ಇದು ಬಂದ್ರೆ ಮಗೂನ ಏನಂತ ಕೂಗ್ತೀರಿ?” ಎಂದು ಕೇಳುತ್ತಿದ್ದರು. ಮೇಸ್ತ್ರಿಯಿಂದ ಕಲಿತ ಮಾತು ಅವರಿಗೆ ಬೇಡ, ಅಮ್ಮನಿಂದ ಕಲಿತದ್ದೇ ಬೇಕು. ಬಂಗಾಳಿಯ ‘ತಾಡಾತಾಡಿ’ ಸಿಕ್ಕಿದ್ದು ಹಾಗೆ. ಅವರ ಉಚ್ಚಾರಕ್ಕೆ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಆ ಮನೆಯಲ್ಲಿ ಒಂದು ಲೋಟ ಚಾ ಕುಡಿದು, ಬಾಲಣ್ಣ ತಮ್ಮ ಕೋಣೆಗೆ ನಡೆಯುತ್ತಿದ್ದರು.

ಕಣ್ಣು ಮಂಜಾದ ಮೇಲೆ ಮಾನಂದವಾಡಿಯಿಂದ ತಂಗಿ ಬಂದು ಅವರನ್ನು ಕರೆದೊಯ್ದರು. ಕುಟ್ಟದಲ್ಲಿ ಬಸ್ಸು ಹತ್ತಿಸಿದವಳು ನಾನೇ. ಈಗ ಆನೆಯ ಸುದ್ದಿ ಮೊಬೈಲಿಗೆ ಬರುತ್ತದೆ. ಬೆಳಗಿನ ಕಾಪಿಗೆ ಜೊತೆಯಿಲ್ಲ. ಅದು ನನ್ನನ್ನು ಇಷ್ಟು ಕಾಡುತ್ತದೆ ಎಂದು ಅಂದುಕೊಂಡಿರಲಿಲ್ಲ.

ಮೊನ್ನೆ ಜಾರ್ಖಂಡಿನಿಂದ ಒಂದು ಸಂತಾಲಿ ಕುಟುಂಬ ಬಂತು. ಬಾಲಣ್ಣನ ಕೆಲಸವನ್ನು ನಾನೇ ಮಾಡಿದೆ. ಆ ತಾಯಿ ನನ್ನ ಕೈಯ ಹಾವನ್ನು ನೋಡಿ ನಕ್ಕು, ಮಗುವಿನ ಕಡೆ ತಿರುಗಿ “ಲೊಗೊನ್” ಎಂದಳು. ಇದು ಬಾಲಣ್ಣನ ಬಳಿ ಇಲ್ಲದ್ದು. ನಾಳೆ ಮಾಡೋಣ, ನಾಡಿದ್ದು ಮಾಡೋಣ ಎಂದು ಎರಡು ತಿಂಗಳಿಂದ ಮುಂದೂಡಿದ್ದ ಫೋನನ್ನು ಅಲ್ಲೇ ನಿಂತು ಮಾಡಿದೆ.

ಎತ್ತಿದ್ದು ಅವರ ತಂಗಿಯ ಮಗ. “ಮಾಮ ಹೋಗಿ ಹದಿನಾಲ್ಕು ದಿವಸ ಆಯ್ತು ಚೇಚಿ. ನಿಮ್ಮ ನಂಬರ್ ಇತ್ತು. ತಿಳಿಸ್ಬೇಕು ಅಂತ ಯಾರಿಗೂ ತೋಚ್ಲಿಲ್ಲ.”

ಆಮೇಲೆ ಅವನೇ ಕೇಳಿದ:

“ಅರ್ಜೆಂಟ್ ಏನಾದ್ರೂ ಇತ್ತಾ?”

“ಇಲ್ಲಪ್ಪ,” ಎಂದೆ. “ಅರ್ಜೆಂಟ್ ಏನಿಲ್ಲ.”