ಮುದುಕಿ ತೋರಿಸಿದ ಎತ್ತರ

ಅವನ ಬಲಗಿವಿ ಕಪ್ಪಗಿತ್ತು, ಎಡಗಿವಿ ಮೈಬಣ್ಣದ್ದೇ. ಬೋರಿಂಗಿನ ಪೈಪಿಗೆ ಬಲಗಿವಿ ಒತ್ತಿ, ಕಣ್ಣು ಮುಚ್ಚಿ, ಒಳಗಿನ ನೀರಿನ ಸದ್ದು ಕೇಳಿ ಕೇಳಿ ಗ್ರೀಸಿನ ಕಪ್ಪು ಆ ಕಿವಿಗೆ ಹಿಡಿದು ಕೂತುಬಿಟ್ಟಿತ್ತು. ಭಾನುವಾರ ಚರ್ಚಿಗೆ ಹೋಗುವ ಮುಂಚೆ ಅವನ ಹೆಂಡತಿ, ನಾವು ಚಿಗವ್ವ ಅನ್ನುತ್ತಿದ್ದವಳು, ಸೀಮೆಎಣ್ಣೆ ಬಟ್ಟೆಯಿಂದ ಅದನ್ನು ಗಸಗಸ ತಿಕ್ಕುತ್ತಿದ್ದಳು. ಅವನು ತಲೆ ಕೊಸರಿಕೊಂಡು ಹೇಳುತ್ತಿದ್ದ: "ದೇವರ ಮಾತು ಎಡಗಿವಿಲೆ ಕೇಳ್ತೀನಿ ಬಿಡು. ಇದು ನೀರಿಂದು."

ಕೈಪಂಪಿಗೆ ನಮ್ಮ ಕಡೆ ಬೋರಿಂಗ್ ಎನ್ನುತ್ತೇವೆ. ಅದನ್ನು ಕೂಡಿಸುವ, ಕೆಟ್ಟರೆ ಬಿಚ್ಚಿ ಸರಿಮಾಡುವ ಮಿಸ್ತ್ರಿಯಾದ್ದರಿಂದ ಅವನು ಎಲ್ಲರಿಗೂ ಬೋರಿಂಗ್ ಕಾಕಾ. ಹುಟ್ಟಿದ್ದು ಮಾನ್ವಿಯ ಕೂಲಿ ಮನೆಯಲ್ಲಿ, ಇದ್ದದ್ದು ರಾಯಚೂರಿನ ಮಿಷನ್ ಕಂಪೌಂಡಿನ ಒಂದು ಕೋಣೆಯಲ್ಲಿ. ಗಿಲ್ಲೆಸುಗೂರಿನಿಂದ ಕವಿತಾಳದ ತನಕ ಅವನು ಕಿವಿ ಹಚ್ಚದ ಪೈಪು ಇರಲಿಲ್ಲ. ಸೈಕಲ್ಲಿನ ಹಿಂದೆ ಒಂದು ಗೋಣಿಚೀಲ, ಅದರಲ್ಲಿ ನಟ್ಟು ಬಿಚ್ಚುವ ಪಾನಾ, ಚರ್ಮದ ವಾಶರು, ಹಗ್ಗ. ದೂರದ ಊರಾದರೆ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬರುತ್ತಿದ್ದ.

ನಾನು ಅವನನ್ನು ಮೊದಲು ಕಂಡದ್ದು ಎಪ್ಪತ್ತರ ದಶಕದ ನಡುವೆ. ದೇವದುರ್ಗದ ಹತ್ತಿರದ ಒಂದು ಊರಿಗೆ, ಹಳ್ಳದ ದಂಡೆಯ ನಮ್ಮ ಕೇರಿಗೆ ಸೊಸೆಯಾಗಿ ಬಂದು ಆರು ತಿಂಗಳಾಗಿತ್ತು. ಊರಬಾವಿಯ ಹಗ್ಗ ನಾವು ಮುಟ್ಟುವಂತಿರಲಿಲ್ಲ. ಯಾರಾದರೂ ಪುಣ್ಯಾತ್ಮರು ಬಂದು ಎತ್ತಿ ಹಾಕುವ ತನಕ ಕೊಡ ಇಟ್ಟುಕೊಂಡು ಬಿಸಿಲಲ್ಲಿ ಕೂರಬೇಕಿತ್ತು. ಇಲ್ಲವೆಂದರೆ ಹಳ್ಳದ ಉಸುಕು ತೋಡಿ ಒರತೆಯ ನೀರು ಬಸಿದುಕೊಳ್ಳಬೇಕಿತ್ತು, ಅದೇ ಒರತೆಗೆ ಎಮ್ಮೆಯೂ ಬಾಯಿ ಹಾಕುತ್ತಿತ್ತು. ಮಿಷನ್ನಿನವರು ನಮ್ಮ ಕೇರಿಯೊಳಗೇ ಬೋರಿಂಗ್ ಹಾಕಿಸಿದ ದಿನ ಕಾಕಾ ಹಿಡಿಕೆ ಒತ್ತಿ ಮೊದಲ ನೀರು ತೆಗೆದು, ನಮ್ಮತ್ತೆಯ ಕೊಡಕ್ಕೆ ಬಿಟ್ಟ. ಅತ್ತೆ ಆ ಕೊಡ ಹೊತ್ತು ನೆಟ್ಟಗೆ ಮನೆಗೆ ಬರಲಿಲ್ಲ. ಊರಬಾವಿಯ ಮುಂದೆ ಹಾಯ್ದು, ಒಂದು ಸುತ್ತು ಹಾಕಿಕೊಂಡೇ ಬಂದಳು. ನನಗೆ ಇವತ್ತಿಗೂ ಆ ನಡಿಗೆ ನೆನೆದರೆ ಮೈ ಝುಂ ಎನ್ನುತ್ತದೆ.

ಆಗ ಬೋರಿಂಗಿನ ಕಟ್ಟೆ ಗೇಣೆತ್ತರ ಇತ್ತು. "ಹೆಣ್ಮಕ್ಕಳು ಕೊಡ ಹೊತ್ತು ಇಳೀತಾರ, ಕಟ್ಟಿ ಎತ್ತರ ಇರಬಾರದು" ಎಂದು ಅವನೇ ಗೌಂಡಿಗೆ ಹೇಳಿ ಕಟ್ಟಿಸಿದ್ದ. ಆ ಮಾತು ಆಡಿದವನು ಅವನೇ ಎಂಬುದು ನೆನಪಿರಲಿ.

ಒಂದೆರಡು ವರ್ಷಕ್ಕೆ ಮಿಷನ್ನಿನವರು ಅವನನ್ನು ಪರದೇಶಕ್ಕೆ ಕಳಿಸಿದರು. ಬಾಂಗ್ಲಾದೇಶದ ಕೆಳತುದಿಯಲ್ಲಿ, ನದಿ ಸಮುದ್ರ ಸೇರುವಲ್ಲಿ ಒಂದು ದ್ವೀಪ. ಅಲ್ಲಿಯ ಬಡವರಿಗೆ ಕೈಪಂಪು ಹಾಕಿಕೊಡುವುದು, ರಿಪೇರಿ ಕಲಿಸುವುದು. ಹೋಗುವ ಮುಂಚೆ ನಮ್ಮ ಕೇರಿಗೂ ಬಂದಿದ್ದ. ಹೊಸ ಅಂಗಿ, ಕಾಲಲ್ಲಿ ಬೂಟು, ಬಲಗಿವಿ ಮಾತ್ರ ಹಾಗೇ.

"ಕೇಳಬೇ ಯವ್ವಾ" ಎಂದು ನಮ್ಮತ್ತೆಗೆ ನಗುತ್ತ ಹೇಳಿದ, "ನೀರಿಲ್ಲದ ಊರಾವನ್ನ ನೀರಾಗ ಇರೋರಿಗೆ ನೀರು ಕುಡಿಸಾಕ ಕಳಿಸಾಕತ್ಯಾರ."

"ಅಲ್ಲಿ ಭಾಷಾ?"

"ನೀರಿಗೆ ಅವರೂ ಪಾನಿನೇ ಅಂತಾರಂತ. ಅದೊಂದು ಮಾತು ಸಾಕು ನನಗ."

ಒಂದು ವರ್ಷವಾಯಿತು. ನಡುವೆ ಆ ಕಡೆ ದೊಡ್ಡ ತುಫಾನಾಯಿತೆಂದು ಊರಿನ ಮೇಷ್ಟ್ರು ರೇಡಿಯೋ ಕೇಳಿ ಹೇಳಿದ್ದರು. ನಮ್ಮ ಕಾಕಾನೂ ಹೋದ ಎಂದು ಅತ್ತೆ ಅತ್ತದ್ದೂ ಆಯಿತು. ಆಮೇಲೊಂದು ದಿನ ಬಸ್ಸಿನಿಂದ ಇಳಿದ. ಅರ್ಧ ಆಗಿದ್ದ. ಬಾಯ್ತುಂಬ ನಗುತ್ತಿದ್ದವನು ಈಗ ಒಂದು ಕಡೆ ಕೂರಲಾರ, ಚಹಾ ಕೊಟ್ಟರೆ ನಿಂತೇ ಕುಡಿಯುವ, ಅರ್ಧಕ್ಕೆ ಬಿಟ್ಟು ಹೊರಗೆ ಹೋಗಿ ಮುಗಿಲು ನೋಡುವ. ಯಾರ ಮನೆಗೆ ಹೋದರೂ ಗೋಡೆಯ ಮೇಲೆ ಕೈಯಾಡಿಸುವುದೊಂದು ಹೊಸ ಚಟವಾಗಿತ್ತು.

"ಈ ಗೋಡಿಗೆ ಯಾವಾಗರ ನೀರು ಬಂದಿತ್ತಾ? ಎಲ್ಲಿ ತನಕ?"

"ನಾನು ಸಾರಿಸಿದಾಗ ಬರ್ತದಪ್ಪ" ಎಂದಳು ನಮ್ಮತ್ತೆ. "ಇಲ್ಲಿ ಮಳಿ ಬಂದ್ರ ನಾವು ಹಬ್ಬ ಮಾಡ್ತೀವಿ. ನೀ ಎಲ್ಲಿಂದ ನೀರು ತರ್ತೀಯೋ?"

ಅವನು ನಗಲಿಲ್ಲ. ಮುಂದಿನ ವಾರ ಗೌಂಡಿಯನ್ನು ಕರೆತಂದು ನಮ್ಮ ಬೋರಿಂಗಿನ ಕಟ್ಟೆ ಒಡೆಸಿದ. ಪೈಪಿಗೆ ಮತ್ತೊಂದು ತುಂಡು ಜೋಡಿಸಿ, ಸುತ್ತ ಕಲ್ಲು ಕಟ್ಟಿಸಿ, ಎದೆಮಟ್ಟದ ಕಟ್ಟೆ ಎಬ್ಬಿಸಿದ. ಹತ್ತಲಿಕ್ಕೆ ಮೂರೇ ಮೆಟ್ಟಿಲು, ಒಂದೊಂದೂ ಮೊಣಕಾಲೆತ್ತರ. ಹೆಂಗಸರೆಲ್ಲ ಕೂಡಿ ನಕ್ಕೆವು.

"ಕಾಕಾ, ಇದು ಬೋರಿಂಗೋ, ಕ್ವಾಟಿ ಬುರುಜೋ?"

"ಹಳ್ಳ ಬಾಜೂಕ ಅದ. ಒಂದಿನ ಬರ್ತದ."

"ನಮ್ಮ ಮುತ್ತ್ಯಾ ಇದ್ದಾಗಿಂದ ಬಂದಿಲ್ಲ."

"ಬಂದಿಲ್ಲ ಅಂದ್ರ ಬರಂಗಿಲ್ಲ ಅಂತಲ್ಲ."

ನಮ್ಮತ್ತೆ ಮಾತ್ರ ನಗದೆ ಅವನ ಹತ್ತಿರ ಹೋದಳು. ಸೀರೆಯ ನಿರಿಗೆ ಸ್ವಲ್ಪ ಎತ್ತಿ, ಮೀನಖಂಡದ ಮೇಲೆ ಕೈ ಅಡ್ಡ ಇಟ್ಟು ತೋರಿಸಿದಳು. "ನೋಡಪ್ಪ, ಇಷ್ಟರ ಮ್ಯಾಲ ನನ್ನ ಕಾಲು ಏಳಂಗಿಲ್ಲ. ತುಂಬಿದ ಕೊಡ ಇದ್ರಂತೂ ಮುಗೀತು." ಅವನು ಅತ್ತ ತಿರುಗಿಯೂ ನೋಡಲಿಲ್ಲ, ಸಿಮೆಂಟಿಗೆ ನೀರು ಹೊಡೆಯುತ್ತಲೇ ಇದ್ದ. ನನಗೆ ಸಿಟ್ಟು ನೆತ್ತಿಗೇರಿತು, ಆದರೆ ಸೊಸೆಯಾದವಳು, ಬಾಯಿ ಮುಚ್ಚಿಕೊಂಡೆ.

ತಿಂಗಳೊಪ್ಪತ್ತರಲ್ಲಿ ಅತ್ತೆ ಮೂರನೇ ಮೆಟ್ಟಿಲಿಂದ ಬಿದ್ದಳು. ಕೊಡ ನೆಗ್ಗಿತು, ಕೈ ಮುರಿಯಿತು. ಆಮೇಲೆ ಬಸುರಿಯರು, ಮುದುಕಿಯರು ಒಬ್ಬೊಬ್ಬರೇ ಆ ಕಟ್ಟೆ ಬಿಟ್ಟರು. ಗಟ್ಟಿ ಕಾಲಿನ ನಮ್ಮಂಥವರು ಹತ್ತುತ್ತಿದ್ದೆವು, ಆದರೆ ಹೊಲದ ಕೂಲಿಗೆ ಹೊತ್ತಾದ ದಿನ ನಾವೂ ಹತ್ತುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಹಳ್ಳದ ಒರತೆ ಸಮೀಪವಾಯಿತು. ಕೇರಿಯೊಳಗೆ ಬಂದ ನೀರನ್ನು ಬಿಟ್ಟು ನಾವು ಮತ್ತೆ ಎಮ್ಮೆಯ ಜೊತೆ ಕುಡಿಯತೊಡಗಿದೆವು.

ಆ ಬೇಸಿಗೆಯಲ್ಲಿ ಕೇರಿಯ ಕೂಸುಗಳಿಗೆ ವಾಂತಿಭೇದಿ ಹತ್ತಿತು. ನನ್ನ ಮಗಳಿಗೆ ಎರಡು ತುಂಬಿರಲಿಲ್ಲ. ಬೆಳಗಿನ ಜಾವ ಶುರುವಾದದ್ದು, ಹೊತ್ತೇರುವಷ್ಟರಲ್ಲಿ ಕಣ್ಣು ಗುಳಿಬಿದ್ದು, ತೊಡೆಯ ಚರ್ಮ ಚಿವುಟಿದರೆ ಚಿವುಟಿದಂತೆಯೇ ನಿಲ್ಲುತ್ತಿತ್ತು. ಗಂಡ ದೂರದ ಕೆಲಸಕ್ಕೆ ಹೋಗಿದ್ದ. ದೇವದುರ್ಗದ ಬಸ್ಸು ತಪ್ಪಿ ಹೋಗಿತ್ತು, ಇನ್ನೊಂದು ಸಂಜೆಗೆ. ಕೂಸನ್ನು ಹೆಗಲಿಗೆ ಹಾಕಿಕೊಂಡು ಓಣಿಯಲ್ಲಿ ಹುಚ್ಚಿಯಂತೆ ತಿರುಗುತ್ತಿರುವಾಗ ಸೈಕಲ್ ಗಂಟೆ ಕೇಳಿಸಿತು. ಕಾಕಾ. ಕಟ್ಟೆ ಹೇಗಿದೆ ನೋಡಲು ಬಂದಿದ್ದ.

ನನಗೆ ನಾನು ಸೊಸೆಯೆಂಬುದೂ ಮರೆಯಿತು, ಅವನು ಹಿರಿಯನೆಂಬುದೂ ಮರೆಯಿತು. "ಬಾ, ನೋಡು ಬಾ! ನಿನ್ನ ಬುರುಜು ಗಟ್ಟಿ ಅದ, ನನ್ನ ಕೂಸು ಹೊಂಟದ!" ಎಂದು ಚೀರಿದೆ. "ಮುದುಕಿ ತನ್ನ ಕಾಲು ತೋರಿಸಿ ಹೇಳಿದ್ಲು. ಕೇಳಿದೇನು? ಬೋರಿಂಗ್ ಕೇಳ್ತದ ನಿನ್ನ ಕಿವಿ, ಮಂದಿ ಮಾತು ಕೇಳಂಗಿಲ್ಲ! ಎಲ್ಲಾರೂ ಒರತಿ ನೀರು ಕುಡ್ಯಾಕತ್ತೀವಿ ನಿನ್ನ ದಯದಿಂದ!"

ಸೈಕಲ್ ಅವನ ಕೈಯಿಂದ ಜಾರಿ ಬಿತ್ತು. ಅವನು ಮಗುವಿನ ತೊಡೆ ಚಿವುಟಿ ನೋಡಿದ. ಆಮೇಲೆ ನನ್ನನ್ನು ದಬ್ಬಿದಂತೆಯೇ ಮನೆಯೊಳಗೆ ಕರೆದೊಯ್ದ. "ಒಲಿ ಹಚ್ಚು. ಬೋರಿಂಗ್ ನೀರು ತರ್ತೀನಿ, ಕುದಿಸು. ಬೆಲ್ಲ ಅದನ? ಉಪ್ಪು?" ಅರ್ಧ ಸೇರು ನೀರು ಕುದಿಸಿ ಆರಿಸಿ, ಒಂದು ಮುಷ್ಟಿ ಬೆಲ್ಲ, ಮೂರು ಬೆರಳಿನ ಚಿಟಿಕೆ ಉಪ್ಪು ಹಾಕಿ ಕದಡಿದ. ತಾನು ಮೊದಲು ನಾಲಗೆಗೆ ಹಚ್ಚಿ ನೋಡಿದ. "ಕಣ್ಣೀರಿಗಿಂತ ಉಪ್ಪಾಗಬಾರದು" ಎಂದ. ಚಮಚದಿಂದ ತೊಟ್ಟು ತೊಟ್ಟೇ ಬಾಯಿಗೆ ಬಿಡತೊಡಗಿದ. ಕೂಸು ಕಾರಿತು. ಸ್ವಲ್ಪ ತಡೆದು ಮತ್ತೆ ಬಿಟ್ಟ. ಮತ್ತೆ ಕಾರಿತು. ಮತ್ತೆ ಬಿಟ್ಟ. ಒಂದು ಕಡೆ ಕೂರಲಾರದ ಆ ಮನುಷ್ಯ ಅವತ್ತು ನಮ್ಮ ಒಲೆಯ ಮುಂದೆ ಸಂಜೆ ತನಕ ಕದಲಲಿಲ್ಲ.

ದ್ವೀಪದ ಕತೆ ಹೇಳಿದ್ದು ಆವಾಗ. ನನ್ನ ಮುಖ ನೋಡದೆ, ಚಮಚ ನೋಡುತ್ತ ಹೇಳಿದ.

ಅಲ್ಲಿ ಅವನು ಮೊದಲು ಹಾಕಿದ ಪಂಪು ಒಬ್ಬ ಮುದುಕಿಯ ಗುಡಿಸಲ ಮುಂದೆ. ಎಲ್ಲರೂ ಅವಳಿಗೆ ನಾನಿ, ಅಂದರೆ ಅಜ್ಜಿ, ಅನ್ನುತ್ತಿದ್ದರು, ಇವನೂ ಅಂದ. ಕಟ್ಟೆ ಕಟ್ಟುವಾಗ ಅವಳು ಬಂದು ತನ್ನ ಎದೆಯ ಮೇಲೆ ಕೈ ಅಡ್ಡ ಇಟ್ಟು ತೋರಿಸಿದಳು. ನೀರು ಇಲ್ಲಿ ತನಕ ಬರುತ್ತದೆ, ಪಂಪು ಅದಕ್ಕಿಂತ ಮೇಲಿರಲಿ ಎಂದು. ಸಮುದ್ರ ಅರ್ಧ ಹರದಾರಿ ಆಚೆ ಇತ್ತು. ಇವನು ನಕ್ಕುಬಿಟ್ಟ. "ನಾನು ರಾಯಚೂರಾವ, ತಂಗಿ. ನೀರು ಕೆಳಗ ಹೋಗೋದು ನೋಡೀನೇ ಹೊರತು ಮ್ಯಾಲ ಬರೋದು ನೋಡಿಲ್ಲ. ಹೆಣ್ಮಕ್ಕಳಿಗೆ ಸಸಾರ ಆಗ್ಲಿ ಅಂತ ಇಲ್ಲಿ ಗತೆ ಗೇಣೆತ್ತರ ಕಟ್ಟಿದೆ."

ತುಫಾನು ಬೆಳಗ್ಗೆ ಎದ್ದಿತು. ಮಧ್ಯಾಹ್ನಕ್ಕೆ ಸಮುದ್ರ ಮಣ್ಣಿನ ಗೋಡೆಯಂತೆ ನಡೆದು ಬಂತಂತೆ. ಊರಿನ ಒಂದೇ ಪಕ್ಕಾ ಕಟ್ಟಡವಾದ ಶಾಲೆಯ ಮೇಲೆ ಇವನೂ ನಾನಿಯೂ ಸಿಕ್ಕವರೆಲ್ಲರೂ ಎರಡು ದಿನ ಒಬ್ಬರನ್ನೊಬ್ಬರು ಹಿಡಿದುಕೊಂಡು ಕೂತರು. ಬಾಯೆಲ್ಲ ಉಪ್ಪು. ಕೆಳಗೆ ದನಗಳು ತೇಲಿ ಹೋಗುತ್ತಿದ್ದವು, ಕೂಗುವ ಮನುಷ್ಯರೂ ಹೋದರು. ನೀರು ಇಳಿದ ಮೇಲೆ ಕೆರೆಗಳೆಲ್ಲ ಉಪ್ಪಾಗಿದ್ದವು. ಇವನ ಪಂಪು ಕೆಸರಲ್ಲಿ ನಿಂತಿತ್ತು, ಹಿಡಿಕೆಗೆ ಒಂದು ಹಾವು ಸುತ್ತಿಕೊಂಡಿತ್ತು. ಹಾವು ಬಿಡಿಸಿ, ಕೆಸರು ತೊಳೆದು ಹಿಡಿಕೆ ಒತ್ತಿದ. ಮೊದಲು ಕೆಂಪು, ಆಮೇಲೆ ತಿಳಿ ನೀರು ಬಂತು.

"ನನಗೇನು ಹಿಗ್ಗು ಅಂತೀ ತಂಗಿ! ನನ್ನ ಬೋರಿಂಗ್ ಗೆದ್ದೈತಿ ಅಂತ ಕುಣಿದೆ. ಎಲ್ಲಾರಿಗೂ ಮೊದಲು ನಾನಿನ್ನ ಕರದೆ. ಆಕಿ ಬೊಗಸಿ ಒಡ್ಡಿದಳು. ನಾನ ಕೈಯಾರೆ ನೀರು ಹಾಕಿದೆ."

ಚಮಚ ಅಲ್ಲೇ ನಿಂತಿತು.

"ಮುಳುಗಿದ ಪೈಪಿನ ಬಾಯಾಗ ಹೊಲಸೆಲ್ಲ ಇಳಿದಿತ್ತು. ಎರಡು ದಿನಕ್ಕ ವಾಂತಿಭೇದಿ ಶುರು ಆತು. ನಾನಿ ಮೊದಲನೇದಾಕಿ. ಈ ಬೆಲ್ಲ ಉಪ್ಪು ಹಿಡಕೊಂಡು ಡಾಕ್ಟರ ಮಂದಿ ಬಂದು ನಮಗ ಕಲಿಸೋದರಾಗ ಆಕಿ ಹೋಗಿದ್ಲು."

ನಿಂತ ಚಮಚ ನಾನು ತೆಗೆದುಕೊಂಡು ಕೂಸಿನ ಬಾಯಿಗೆ ಬಿಟ್ಟೆ. ನನ್ನ ಸಿಟ್ಟು ಇನ್ನೂ ಆರಿರಲಿಲ್ಲ. ಮೂಲೆಯಲ್ಲಿ ಕೈಗೆ ಕಟ್ಟು ಕಟ್ಟಿಕೊಂಡು ಮಲಗಿದ್ದ ನಮ್ಮತ್ತೆಯೇ ಎದ್ದು ಕೂತು ಅಂದಳು: "ಅಲ್ಲೂ ಒಬ್ಬಾಕಿ ಮುದುಕಿ ತೋರಿಸಿದ್ಲು, ಇಲ್ಲೂ ನಾ ಒಬ್ಬಾಕಿ ತೋರಿಸಿದೆ. ಎರಡೂ ಕಡೆ ನಿನಗ ಕಾಣಲಿಲ್ಲ. ಹೌದಿಲ್ಲೋ, ಯಪ್ಪಾ?"

"ಹೌದು ಯವ್ವಾ" ಎಂದ. ಅಷ್ಟೊಂದು ದೊಡ್ಡ ಮನುಷ್ಯ ಅಳುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಸಂಜೆಗೆ ಮಗಳು ಉಚ್ಚೆ ಹೊಯ್ದಳು, ಮೈಯಲ್ಲಿ ನೀರು ನಿಂತಿತ್ತು. ನಮ್ಮ ಮೂವರಿಗೂ ಹಬ್ಬವಾಯಿತು.

ಕಟ್ಟೆ ಮತ್ತೆ ಕಟ್ಟಿದ್ದು ನಮ್ಮತ್ತೆ. ಹಾಗೆಂದರೆ ತಪ್ಪಿಲ್ಲ. ಕಾಕಾ ಬೇವಿನ ಮರದ ಕೆಳಗೆ ಹೊರಸು ಹಾಕಿ ಅವಳನ್ನು ಕೂರಿಸಿದ. ಒಂದೊಂದು ಮೆಟ್ಟಿಲಿಗೂ ಎಬ್ಬಿಸಿ, "ಕಾಲೆತ್ತಬೇ" ಎನ್ನುವನು, ಅವಳ ಹೆಜ್ಜೆ ಎಲ್ಲಿ ತನಕ ಏಳುವುದೋ ಅಲ್ಲಿಗೆ ಸುಣ್ಣದ ಗೆರೆ ಎಳೆಯುವನು. ಗೌಂಡಿ ಬೇಸತ್ತು, "ಇದೇನ್ರಿ ಮಿಸ್ತ್ರಿ, ಮುದುಕಿ ಕಾಲಿಂದು ನಕ್ಷಾ?" ಎಂದರೆ, "ಹೌದು, ಅದ ನಕ್ಷಾ" ಎಂದ. ಮೂರು ಮೆಟ್ಟಿಲಿದ್ದಲ್ಲಿ ಹದಿಮೂರು ಅಗಲ ಮೆಟ್ಟಿಲು ಬಂದವು, ನಡುವೆ ಕೊಡ ಇಳಿಸಿ ಉಸಿರು ಹಾಕಲು ಒಂದು ಗಟ್ಟಿ ಜಗುಲಿ. ಕಟ್ಟೆಯ ಎತ್ತರ ಮಾತ್ರ ಎದೆಮಟ್ಟವೇ ಉಳಿಯಿತು. ಅದಕ್ಕೆ ಅತ್ತೆಯೂ ಒಪ್ಪಿದಳು. "ಇರ್ಲಿ, ಆಕಿ ಮಾತೂ ಉಳೀಲಿ" ಎಂದಳು, ಎಂದೂ ಕಾಣದ ಆ ನಾನಿಯನ್ನು ನೆನೆದು. ಕಟ್ಟಿ ಮುಗಿದ ದಿನ ಅತ್ತೆಯೇ ಎಡಗೈಯಲ್ಲಿ ಸಣ್ಣ ಕೊಡ ಹಿಡಿದು ಮೊದಲು ಹತ್ತಿ ಇಳಿದಳು. ಒರತೆಯ ಗುಂಡಿ ಹೂತು ಹೋಯಿತು.

ಅವನ ಚಡಪಡಿಕೆ ಕಡಿಮೆಯಾಗಲಿಲ್ಲ. ಪ್ರತಿ ಮಳೆಗಾಲದಲ್ಲೂ ಬರುತ್ತಿದ್ದ, ಎದೆಗೆ ಕೈ ಅಡ್ಡ ಇಟ್ಟು ದೂರದಿಂದಲೇ ಕೇಳುತ್ತಿದ್ದ: "ಬಂದಿತ್ತೇನ?" ನಾವು, "ಪಾದಕ್ಕೂ ಇಲ್ಲ ಕಾಕಾ!" ಎಂದು ನಗುತ್ತಿದ್ದೆವು. ಬರಲಿಲ್ಲವೆಂದು ಅವನಿಗೆ ಸಂತೋಷವೋ ಕಸಿವಿಸಿಯೋ ತಿಳಿಯುತ್ತಿರಲಿಲ್ಲ. ಒಂದು ಪಾನಾ ನನ್ನ ಕೈಗೆ ಕೊಟ್ಟು ವಾಶರು ಬದಲಿಸುವುದನ್ನು ಕಲಿಸಿದ. ಬೆಲ್ಲ ಉಪ್ಪಿನ ಅಳತೆಯನ್ನು ನಾನು ಕೇರಿಕೇರಿಗೆ ಹೇಳಿಕೊಟ್ಟೆ. ಏಳನೇ ಇಯತ್ತೆ ಓದಿದ್ದು ಉಪಯೋಗಕ್ಕೆ ಬಂದು, ಮುಂದೆ ಅಂಗನವಾಡಿಯಲ್ಲಿ ಕೆಲಸವೂ ಆಯಿತು.

ಎಂಬತ್ತರ ದಶಕದ ಕೊನೆಗೆ ಅವನು ರಾಯಚೂರಿನ ಆಸ್ಪತ್ರೆಯಲ್ಲಿದ್ದಾನೆಂದು ಚಿಗವ್ವ ಹೇಳಿಕಳಿಸಿದಳು. ನಮ್ಮತ್ತೆ ಆಗಲೇ ತೀರಿಕೊಂಡಿದ್ದಳು. ನಾನೂ ಮಗಳೂ ಹೋದೆವು. ಜ್ವರ ತಲೆಗೇರಿ ಯಾರ ಗುರುತೂ ಹತ್ತುತ್ತಿರಲಿಲ್ಲ. ಕೈ ಮಾತ್ರ ಹಾಸಿಗೆಯ ಪಕ್ಕದ ಗೋಡೆಗುಂಟ ಮೇಲೆ ಕೆಳಗೆ ಆಡುತ್ತಲೇ ಇತ್ತು. ನಾನು ಹತ್ತಿರ ನಿಂತಾಗ ಕಣ್ಣು ಬಿಟ್ಟು ಬಹಳ ಹೊತ್ತು ನೋಡಿದ.

"ನಾನಿ" ಎಂದ. "ಬಂದೀ? ಎಲ್ಲಿ ತನಕ ಬರ್ತದ, ಇನ್ನೊಮ್ಮೆ ತೋರಿಸು."

ಚಿಗವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ನನ್ನ ಎದೆಯ ಮೇಲೆ ಕೈ ಅಡ್ಡ ಇಟ್ಟು ತೋರಿಸಿದೆ.

ಅವನು ನೋಡಿದ. ನನ್ನ ಕೈಯನ್ನೇ ನೋಡಿದ, ಅತ್ತಿತ್ತ ತಿರುಗದೆ. "ಆತವ್ವ" ಎಂದ. "ಅಷ್ಟ ಕಟ್ತೀನಿ."

ಗೋಡೆಯ ಮೇಲಿನ ಕೈ ನಿಂತಿತು. ಮಾರನೆಯ ದಿನ ಮಧ್ಯಾಹ್ನ ಹೋದ. ಪೆಟ್ಟಿಗೆಯಲ್ಲಿ ಮಲಗಿಸುವ ಮುಂಚೆ ಚಿಗವ್ವ ಸೀಮೆಎಣ್ಣೆ ಬಟ್ಟೆ ತಂದು, ಬಲಗಿವಿಯ ಹತ್ತಿರ ಹಿಡಿದು, ತಿಕ್ಕದೆ ಹಾಗೇ ವಾಪಸು ಇಟ್ಟಳು.

ಹಳ್ಳ ಇವತ್ತಿನ ತನಕ ಬಂದಿಲ್ಲ. ಆದರೂ ಮುಗಿಲು ಕಪ್ಪಾಯಿತೆಂದರೆ ನನಗೆ ಮನೆಯೊಳಗೆ ಕೂರಲಾಗುವುದಿಲ್ಲ. ಹೋಗಿ ಆ ಹದಿಮೂರು ಮೆಟ್ಟಿಲು ಹತ್ತಿ ಹಳ್ಳದ ಕಡೆ ನೋಡುತ್ತ ನಿಲ್ಲುತ್ತೇನೆ. ಈಗ ನಾನೂ ಮುದುಕಿಯೇ, ಕಾಲು ಮೊದಲಿನಂತೆ ಏಳುವುದಿಲ್ಲ. ಆದರೆ ಆ ಮೆಟ್ಟಿಲಿಗೆ ಏಳುತ್ತದೆ.