ಭಾವನ ಎಡಗಡೆ ಬೇರಿಂಗು

ಅಕ್ಕನ ಗಂಡ, ಅಂದರೆ ನನ್ನ ಭಾವ, ಒಂದು ಕಡೆ ನೆಟ್ಟಗೆ ಕೂತದ್ದನ್ನು ಕಂಡವರಿಲ್ಲ. ಊಟಕ್ಕೆ ಕೂತರೂ ಒಂದು ಮೊಣಕಾಲು ಏಳಲು ತಯಾರಾಗಿಯೇ ಇರುತ್ತದೆ. ಪೇಪರನ್ನು ಅಂಗಳದಲ್ಲಿ ಅಡ್ಡಾಡುತ್ತಲೇ ಓದುತ್ತಾರೆ. ಗಾಳಿ ಜೋರಾಗಿದ್ದ ದಿನ ಅರ್ಧ ಸುದ್ದಿ ಪಕ್ಕದ ಮನೆಗೆ ಹೋಗುತ್ತದೆ. ಮದುವೆಯ ಫೋಟೋದಲ್ಲೂ ಅವರ ಮುಖ ಮಸುಕು. ಗುಂಡಿ ಒತ್ತುವ ಹೊತ್ತಿಗೆ, ಹೊರಗೆ ಯಾರದೋ ಗಾಡಿ ಕೆಮ್ಮಿತೆಂದು ತಿರುಗಿದ್ದರಂತೆ. "ಮದುವೆಯಾದದ್ದು ಯಾರನ್ನು ಅಂತ ಫೋಟೋ ನೋಡಿದ್ರೆ ಗೊತ್ತೇ ಆಗಲ್ಲ" ಎಂದು ಅಕ್ಕ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಅವರು ಅಲುಗಾಡದೆ ಕೂರುವ ಜಾಗ ಒಂದೇ: ತಮ್ಮ ಜೀಪಿನ ಡ್ರೈವರ್ ಸೀಟು. ಹಿಂದೆ ಎದುರುಬದುರು ಬೆಂಚು ಹಾಕಿಸಿದ ಹಳೇ ಗಾಡಿ. ಗುಡ್ಡದ ಮೇಲಿನ ಕ್ವಾರ್ಟರ್ಸಿನಿಂದ ಬೆಳಗಿನ ಪಾಳಿಯ ನರ್ಸುಗಳನ್ನು ಇಳಿಜಾರಿನಲ್ಲಿ ಇಳಿಸಿ ಆಸ್ಪತ್ರೆ ಮುಟ್ಟಿಸುವುದು, ಪಾಳಿ ಮುಗಿಸಿದವರನ್ನು ಮೇಲಕ್ಕೆ ಕರೆತರುವುದು ಅವರ ಕೆಲಸ. ಊರಿನ ಡ್ರೈವರುಗಳ ಬಾಯಲ್ಲಿ ಅವರ ಹೆಸರು 'ಸ್ಟೆತಸ್ಕೋಪು'. ಯಾರ ಗಾಡಿ ನರಳಿದರೂ ಬಾನೆಟ್ ಎತ್ತುವ ಮೊದಲು ಭಾವನನ್ನು ಕೂರಿಸಿಕೊಂಡು ಒಂದು ಸುತ್ತು ಹೊಡೆಯುತ್ತಿದ್ದರು. ಇವರು ಕಣ್ಣು ಮುಚ್ಚಿ, "ಎರಡನೇ ಗೇರು, ಹಲ್ಲು ಸವೆದಿದೆ" ಅನ್ನುವರು. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು.

ಇಂಥವರ ಜೀಪೇ ಹಿಂದಿನಿಂದ ಗುಂಯ್ ಎನ್ನತೊಡಗಿತು. ಮೊದಲು ಸೊಳ್ಳೆಯ ಹಾಗೆ, ಆಮೇಲೆ ಸೊಳ್ಳೆಗಳ ಸಂಘದ ಹಾಗೆ. ನರ್ಸುಗಳಲ್ಲಿ ಹಿರಿಯ ಸಿಸ್ಟರು ಶುಕ್ರವಾರ ಇಳಿಯುವಾಗ ಖಡಾಖಂಡಿತವಾಗಿ ಹೇಳಿದರು: "ಅಣ್ಣಾ, ಎರಡು ದಿನ ಹೇಗೋ ಹೋಗ್ತೀವಿ, ಸೋಮವಾರದೊಳಗೆ ಇದು ನಿಲ್ಲಬೇಕು. ಇಲ್ಲಾಂದ್ರೆ ಬೇರೆ ಗಾಡಿ ನೋಡ್ಕೋತೀವಿ. ಆ ಇಳಿಜಾರಲ್ಲಿ ಜೀವ ಕೈಯಲ್ಲಿ ಹಿಡ್ಕೊಂಡು ಕೂರ್ಬೇಕು."

"ಎಡಗಡೆ ಹಿಂದಿನ ಆಕ್ಸಲ್ ಬೇರಿಂಗು. ನನಗೆ ಆಗಲೇ ಕೇಳಿಸ್ತು ಬಿಡಮ್ಮಾ" ಎಂದರು ಭಾವ.

ಆಕೆಯ ಹೆದರಿಕೆ ಸುಳ್ಳಲ್ಲ. ಹಿಂದಿನ ಚಕ್ರ ತಿರುಗುವುದು ಆಕ್ಸಲ್ ಎಂಬ ಕಬ್ಬಿಣದ ದಂಡದ ಮೇಲೆ. ಆ ದಂಡವನ್ನು ಹಿಡಿದಿಟ್ಟಿರುವುದು ಬೇರಿಂಗು. ಅದು ಪೂರ್ತಿ ಹೋದರೆ ಚಕ್ರ ದಂಡದ ಸಮೇತ ಕಳಚಿಕೊಂಡು ನಮಗಿಂತ ಮೊದಲೇ ಆಸ್ಪತ್ರೆ ತಲುಪುತ್ತದೆ.

ಶನಿವಾರ ನನಗೆ ಕರೆ ಬಂತು. ನಾನು ಸಹಾಯಕ. ಹದಿನಾಲ್ಕರ ಪಾನಾ ಕೇಳಿದರೆ ಹನ್ನೆರಡರದ್ದನ್ನು, ಅದೂ ಎಣ್ಣೆ ಹತ್ತಿದ ತುದಿಯನ್ನೇ ಮುಂದೆ ಮಾಡಿ ಕೊಡುವುದು ನನ್ನ ಪರಿಣತಿ. ಮನೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಎಡಗಡೆ ಜಾಕಿ ಏರಿತು. ಚಕ್ರ ಬಂತು, ಬ್ರೇಕಿನ ಡ್ರಮ್ಮು ಬಂತು. ಅದರ ಹಿಂದಿನ ಬೋಲ್ಟು ಬಿಚ್ಚಿ, ಎಳೆಯುವ ಸುತ್ತಿಗೆ ಸಿಕ್ಕಿಸಿ, ಭಾವ ಠಣ್ ಠಣ್ ಎಂದು ಹೊಡೆದರೆ ದಂಡ ಮೊಂಡು ಮಗುವಿನ ಹಾಗೆ ಒಂದೊಂದೇ ಬೆರಳು ಹೊರಗೆ ಬಂತು. ಹಳೇ ಬೇರಿಂಗನ್ನು ಬಿಗಿಹಿಡಿದ ಬಳೆಯನ್ನು ಉಳಿಯಿಂದ ಸೀಳಿ, ಲೇತಿನಂಗಡಿಯ ಒತ್ತುವ ಯಂತ್ರದಲ್ಲಿ ಹೊಸದನ್ನು ಕೂರಿಸಿ ತಂದದ್ದಾಯಿತು.

"ಕೈಯಲ್ಲಿ ತಿರುಗಿಸಿ ನೋಡಯ್ಯಾ ಬಾಮೈದ, ಕರಕರ ಅನ್ನಲ್ವಾ?" ಎಂದು ಹಳೆಯದನ್ನು ಕೊಟ್ಟರು.

ಅಂದಿತು. ಅಷ್ಟು ವಯಸ್ಸಿಗೆ ನನ್ನ ಮೊಣಕಾಲೂ ಅನ್ನುತ್ತದೆ.

ಎಲ್ಲ ಜೋಡಿಸಿ ಇಳಿಜಾರಿಗೆ ಹೋದೆವು. ಗುಂಯ್! ಹೊಸ ಬೇರಿಂಗಿನ ಸ್ವಾಗತಕ್ಕೆ ಎಂಬಂತೆ ಇನ್ನೂ ಜೋರಾಗಿ. ಭಾವ ಗಾಡಿಯನ್ನು ನೇರವಾಗಿ ಬಿಡಿಭಾಗದಂಗಡಿಯ ಬಾಗಿಲಿಗೇ ತಂದು ನಿಲ್ಲಿಸಿದರು.

"ನಕಲಿ ಮಾಲು ಕೊಟ್ಟಿದ್ದೀಯ!"

"ಸ್ಟೆತಸ್ಕೋಪಣ್ಣಾ, ಡಬ್ಬಿ ಒಡೆದದ್ದು ನೀವೇ ಅಲ್ವಾ? ನಿಮಗೆ ನಕಲಿ ಕೊಟ್ಟು ನಾನು ಈ ಬೀದೀಲಿ ಅಂಗಡಿ ಇಟ್ಕೊಂಡಿರೋಕಾಗುತ್ತಾ?" ಎಂದ ಅಂಗಡಿಯವನು, ಆದರೂ ಜಗಳ ಬೇಡವೆಂದು ಇನ್ನೊಂದು ಕೊಟ್ಟ.

ಭಾನುವಾರ ಬೆಳಿಗ್ಗೆ ಅದೇ ಎಡಗಡೆ, ಅದೇ ಜಾಕಿ, ಅದೇ ತಪ್ಪು ಪಾನಾ. ಭಾವನ ಊಟ ತಟ್ಟೆಯಲ್ಲೇ ಆರಿತು. ಎರಡು ತುತ್ತಿಗೊಮ್ಮೆ ಎದ್ದು ಶೆಡ್ಡಿಗೆ ಹೋಗುವರು, ಕೂತರೆ ಕಾಲು ಕುಣಿಸುವರು, ನಿಂತರೆ ಬೆರಳಿನಿಂದ ತಗಡಿನ ಗೋಡೆ ತಟ್ಟುವರು. ಅವರ ಚಡಪಡಿಕೆ ನೋಡಿ ನನಗೂ ಎಲ್ಲೆಂದರಲ್ಲಿ ತುರಿಕೆ ಶುರುವಾಯಿತು. ಎರಡನೇ ಸಲ ಜೋಡಿಸಿ, ಅಕ್ಕನನ್ನೂ ಹಿಂದೆ ಕೂರಿಸಿಕೊಂಡು ಹೊರಟೆವು. ಗುಂಯ್.

ಹಿಂದಿರುಗಿ ನಿಂತದ್ದೇ ಅಕ್ಕ ಇಳಿದು, ಮಕ್ಕಳ ಜ್ವರ ನೋಡುವ ಹಾಗೆ ಒಂದೊಂದೇ ಚಕ್ರದ ನಡುವೆ ಕೈಯಿಟ್ಟಳು. ಎಡಗಡೆ ಬೆಚ್ಚಗಿತ್ತು. ಬಲಗಡೆ ಮುಟ್ಟಿ "ಹಾ!" ಎಂದು ಕೈ ಎಳೆದುಕೊಂಡಳು. ಸುತ್ತಿ ಬಂದು, ಎಂಜಿನ್ ಚಾಲೂ ಇಟ್ಟೇ ಇಳಿದು ಪಾನಾ ಒರೆಸುತ್ತಿದ್ದ ಭಾವನ ಎಡಕ್ಕೆ ನಿಂತಳು.

"ರೀ, ಬಲಗಡೇದು ಸುಡ್ತಾ ಇದೆ. ಹೋಗಿರೋದು ಅದು."

"ಬ್ರೇಕು ಹಿಡಿದಿರುತ್ತೆ. ಸದ್ದು ಬರ್ತಿರೋದು ಎಡಗಡೆಯಿಂದ. ನನ್ನ ಕಿವಿಗಿಂತ ನಿನ್ನ ಕೈ ಹೆಚ್ಚೇನೇ?"

ಅಕ್ಕ ಅವರ ಬೆನ್ನ ಹಿಂದಿನಿಂದ ಹಾದು ಬಲಕ್ಕೆ ಬಂದು, ಮಾಮೂಲಿ ದನಿಯಲ್ಲಿ ಹೇಳಿದಳು: "ನಿಮ್ಮ ಜೀಪನ್ನ ಗುಜರಿಯವನಿಗೆ ಮಾರಿಬಿಟ್ಟೆ. ಸಂಜೆ ಬಂದು ಎತ್ಕೊಂಡು ಹೋಗ್ತಾನೆ."

ನಾನು ಬೆಚ್ಚಿಬಿದ್ದೆ. ಭಾವ ಪಾನಾ ಒರೆಸುತ್ತಲೇ ಇದ್ದರು. ಅಕ್ಕ ಎಡಕ್ಕೆ ಬಂದು ಅದೇ ದನಿಯಲ್ಲಿ ಅದನ್ನೇ ಹೇಳಿದಳು. ಪಾನಾ ಕೆಳಗೆ ಬಿತ್ತು.

"ತಲೆ ಕೆಟ್ಟಿದೆಯೇನೇ ನಿನಗೆ!"

"ಇದನ್ನೇ ಆ ಕಡೆ ನಿಂತು ಹೇಳಿದೆ. ಕೇಳಿಸ್ತಾ?"

ಭಾವ ನನ್ನ ಮುಖ ನೋಡಿದರು. "ಹೇಳಿದಳೇನೋ?"

ತಲೆಯಾಡಿಸಿದೆ. ಅವರು ಬಲಗಿವಿಯನ್ನು ಅಂಗೈಯಿಂದ ಮುಚ್ಚಿದರು, ತೆಗೆದರು, ಮುಚ್ಚಿದರು. ಏನೂ ವ್ಯತ್ಯಾಸ ಕಾಣಲಿಲ್ಲವೆಂದು ತೋರುತ್ತದೆ. ಎಡಗಿವಿಯನ್ನು ಮುಚ್ಚಿದರು. ಚಾಲೂ ಇದ್ದ ಎಂಜಿನ್ನಿನ ಕಡೆ ತಿರುಗಿ, ಅದು ಓಡುತ್ತಿದೆಯೋ ಇಲ್ಲವೋ ಎಂದು ಕಣ್ಣಿನಿಂದ ನೋಡಿದರು. ವರ್ಷಗಟ್ಟಲೆ ಕಿಟಕಿ ಪಕ್ಕ ಗಾಳಿ, ಹಾರ್ನು ಎಲ್ಲ ಕುಡಿದ ಬಲಗಿವಿ ಅದು. ಯಾವಾಗ ಬಾಗಿಲು ಹಾಕಿಕೊಂಡಿತೋ. ಒಂದೇ ಕಿವಿ ಉಳಿದವರಿಗೆ ಲೋಕದ ಸದ್ದೆಲ್ಲ ಆ ಒಂದೇ ಕಡೆಯಿಂದ ಬರುತ್ತದೆ.

"ನಿನಗೆ ಯಾವಾಗಿಂದ ಗೊತ್ತು?" ಎಂದು ಅಕ್ಕನನ್ನು ಕೇಳಿದರು.

"ನೀವು ಎಡಮಗ್ಗುಲಾಗಿ ಮಲಗಿದಾಗ ನಾನು ಬೈದದ್ದೆಲ್ಲ ದಂಡ ಆಗೋಕೆ ಶುರುವಾದಾಗಿಂದ. ಹೇಳಿದ್ರೆ ನೀವು ಕೇಳೋರಾ?"

ಭಾವ ಬಿದ್ದ ಪಾನಾ ಎತ್ತಿಕೊಂಡರು. "ಜಾಕಿ ಆ ಕಡೆ ಒಯ್ಯಿ" ಎಂದು ನನಗೆ ಹೇಳಿದರು.

ಬಲಗಡೆಯ ಬೇರಿಂಗು ಹೊರಬಂದಾಗ ತಿರುಗಿಸಿ ನೋಡುವ ಅಗತ್ಯವಿರಲಿಲ್ಲ. ಒಳಗಿನ ಗೂಡು ಮುರಿದು, ಗುಂಡುಗಳು ಕಾದು ನೀಲಿಗಟ್ಟಿ, ಒಂದೆರಡು ನನ್ನ ಕಾಲ ಬಳಿ ಉದುರಿದವು. ಇನ್ನೊಂದೆರಡು ಸಲ ಆ ಇಳಿಜಾರು ಇಳಿದಿದ್ದರೆ ಚಕ್ರ ನಿಜಕ್ಕೂ ಮೊದಲೇ ಆಸ್ಪತ್ರೆ ತಲುಪುತ್ತಿತ್ತು.

ಮೂರನೇ ಬೇರಿಂಗು ತಂದು ಬಲಗಡೆ ಕೂರಿಸಿದ ಮೇಲೆ, ಸಂಜೆಯ ಸುತ್ತಿನಲ್ಲಿ ಜೀಪು ಬೆಣ್ಣೆಯ ಹಾಗೆ ಇಳಿಯಿತು. "ಗೆದ್ದಿರಿ ಭಾವ!" ಎಂದೆ. ಅವರು ಹುಬ್ಬು ಗಂಟಿಕ್ಕಿ, ಮುಖ ತಿರುಗಿಸುತ್ತಾ ತಿರುಗಿಸುತ್ತಾ ಗಾಡಿ ನಿಲ್ಲಿಸಿದರು.

"ಸದ್ದು ಹೋಯ್ತೋ, ನನಗೆ ಕೇಳಿಸ್ತಿಲ್ವೋ?"

"ಹೋಗಿದೆ ಭಾವ, ನನ್ನಾಣೆ."

"ನಿನ್ನ ಆಣೆ ಇಟ್ಕೊಂಡು ನಾನು ಅಷ್ಟು ಜನ ಹೆಣ್ಮಕ್ಕಳನ್ನ ಹೇಗಯ್ಯಾ ಇಳಿಸ್ಲಿ?"

ಮನೆ ಸೇರಿದ ಮೇಲೂ ಅಂಗಳ ಅಳೆಯುತ್ತಲೇ ಇದ್ದರು. ಸೋಮವಾರ ಬೆಳಿಗ್ಗೆ, ಯಾರಿಗೂ ಮುಟ್ಟಲು ಕೊಡದ ಕೀಲಿಯನ್ನು ನನ್ನ ಕೈಗೆ ಹಾಕಿ ತಾವು ಎಡಗಡೆ ಸೀಟಿನಲ್ಲಿ ಕೂತರು. ನನಗೆ ಲೈಸೆನ್ಸ್ ಇದೆ ಎಂಬುದು ನನಗೇ ಮರೆತುಹೋಗಿತ್ತು. ಕ್ವಾರ್ಟರ್ಸಿನ ಗೇಟಿನಲ್ಲಿ ಹಿರಿಯ ಸಿಸ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಗಾಡಿ ಸರಿಯಾಗಿದೆ ಸಿಸ್ಟರ್. ಸರಿಯಿಲ್ದೇ ಇರೋನು ಡ್ರೈವರು. ನನಗೆ ಬಲಗಿವಿ ಕೇಳಿಸಲ್ಲ" ಎಂದರು ಭಾವ, ಪಾಠ ಒಪ್ಪಿಸುವ ಹಾಗೆ. "ಬೇರೆ ಗಾಡಿ ನೋಡ್ಕೊಳ್ಳೋದಾದ್ರೆ ನೋಡ್ಕೊಳ್ಳಿ."

"ಅಯ್ಯೋ! ನಾವು ಹಿಂದೆ ಕೂತು ನಿಮ್ಮನ್ನೇ ಆಡ್ಕೋತಿದ್ರೂ ತಿರುಗ್ತಿರಲಿಲ್ಲವಲ್ಲ, ಎಷ್ಟು ತಾಳ್ಮೆಯ ಮನುಷ್ಯ ಅಂದ್ಕೊಂಡಿದ್ವಿ!" ಎಂದಳು ಆಗಲೇ ಹಿಂದೆ ಹತ್ತಿದ್ದ ಒಬ್ಬ ನರ್ಸು. ಎಲ್ಲರೂ ಗೊಳ್ಳೆಂದರು. ಸಿಸ್ಟರು ನಗು ನುಂಗಿ, "ಇವತ್ತೇ ಕಿವಿ ಡಾಕ್ಟ್ರಿಗೆ ತೋರಿಸಿ, ನಾನೇ ಕರ್ಕೊಂಡು ಹೋಗ್ತೀನಿ. ಅವರು ಸರಿ ಅಂದ್ರೆ ಸ್ಟೀರಿಂಗ್ ಹಿಡೀರಿ. ಅಲ್ಲೀವರೆಗೂ..." ಎಂದು ನನ್ನ ಕಡೆ ನೋಡಿ, ನಿಟ್ಟುಸಿರು ಬಿಟ್ಟು ಹತ್ತಿದರು.

ಇಳಿಜಾರು ಶುರುವಾಯಿತು. ಭಾವನ ಕೇಳದ ಕಿವಿ ಈಗ ನನ್ನ ಕಡೆ. "ಸರಿಯಾಗಿ ಹೋಗ್ತಿದ್ದೀನಾ ಭಾವ?" ಎಂದದ್ದು ಗಾಳಿಗೆ ಹೋಯಿತು. ಇಲ್ಲದ ಬ್ರೇಕನ್ನು ಅವರ ಬಲಗಾಲು ತಿರುವಿಗೊಮ್ಮೆ ತುಳಿಯುತ್ತಿತ್ತು. ಗಾಡಿಯ ಸಂಗತಿಯನ್ನು ಇನ್ನೊಬ್ಬರ ಬಾಯಿಂದ ಕೇಳಿ ಅಭ್ಯಾಸವಿಲ್ಲದ ಮನುಷ್ಯ ಕೊನೆಗೆ ಹಿಂದಕ್ಕೆ ತಿರುಗಿದರು.

"ಸದ್ದು ಇದೆಯೇನಮ್ಮಾ?"

"ಇಲ್ಲಣ್ಣಾ."

ಮುಂದಿನ ತಿರುವು. "ಬಲಗಡೆ?"

"ಬಲಗಡೇನೂ ಇಲ್ಲಣ್ಣಾ. ಇದ್ರೆ ನಾವು ಹೇಳ್ತೀವಿ, ನೀವು ಮುಂದೆ ನೋಡಿ."

ಮುಂದೆ ನೋಡಿದರು. ತಿರುವು ಬಂತು, ಮತ್ತೆ ತಿರುಗಿ ಕೇಳಿದರು.