ಲಗ್ನಪತ್ರಿಕೆಯ ಅಕ್ಷರದಲ್ಲಿ ಬಂದ ಸರಕಾರಿ ಪ್ರಕಟಣೆ

ಸಿಂಧನೂರಿನ ಗ್ರಂಥಾಲಯದಲ್ಲಿ ಪೇಪರುಗಳಿಗೆ ಕಿಟಕಿ ಬೀಳುತ್ತಿದ್ದವು. ನೌಕರಿಯ ಪ್ರಕಟಣೆ ಬಂದ ದಿನ ಮೊದಲು ಬಂದವರು ಜೇಬಿನಿಂದ ಅರ್ಧ ಬ್ಲೇಡು ತೆಗೆದು, ತಮಗೆ ಬೇಕಾದ ಭಾಗವನ್ನು ನೀಟಾಗಿ ಕತ್ತರಿಸಿಕೊಂಡು ಹೋಗುತ್ತಿದ್ದರು. ಆಮೇಲೆ ಬಂದವರು ಪೇಪರು ಎತ್ತಿ ಹಿಡಿದರೆ ಆ ಚೌಕದೊಳಗಿಂದ ಎದುರು ಕೂತವರ ಮುಖ ಕಾಣುತ್ತಿತ್ತು. 1999ರ ಜೂನ್ ತಿಂಗಳಿಗೆ ನನ್ನ ಡೈರಿಯಲ್ಲಿ ಹದಿನಾಲ್ಕು ಕಿಟಕಿ ಎಂದಿದೆ. ಕ್ರಿಕೆಟ್ಟಿಗೆ ಎರಡು, ಸಿನಿಮಾ ನಟಿಗೆ ಒಂದು, ಉಳಿದವೆಲ್ಲ ನೌಕರಿಗೆ.

ನಾನಾಗ ಮಸ್ಕಿಯಿಂದ ದಿನಾ ಬಸ್ಸಿನಲ್ಲಿ ಸಿಂಧನೂರಿಗೆ ಹೋಗಿ ಬಿ.ಎ. ಓದುತ್ತಿದ್ದೆ. ಕ್ಲಾಸು ಮುಗಿದ ಮೇಲೆ ವಾಪಸ್ ಬಸ್ಸು ಬರುವ ತನಕ ಗ್ರಂಥಾಲಯವೇ ನನ್ನ ಜಾಗ. ಬಾಗಿಲ ಹತ್ತಿರ ಹೆಣ್ಣುಮಕ್ಕಳಿಗೆಂದು ಒಂದು ಬೆಂಚು ಇತ್ತು. ಅದರ ಮೇಲೆ ಗಂಡಸರ ಕೈಚೀಲಗಳು ಕೂತಿರುತ್ತಿದ್ದವು. ನಾನು ಹೋದೊಡನೆ ಗ್ರಂಥಪಾಲಕರು ಗಂಟಲು ಸರಿ ಮಾಡಿಕೊಳ್ಳುತ್ತಿದ್ದರು, ಚೀಲಗಳು ಎದ್ದು ಹೋಗುತ್ತಿದ್ದವು.

ಆ ಬೆಂಚಿನ ಮೇಲ್ಗಡೆ ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. ಮೇಲಿನಿಂದ ಬಂದ ಸುತ್ತೋಲೆಯನ್ನು ನೋಡಿ ಗ್ರಂಥಪಾಲಕರೇ ನೀಲಿ ಶಾಯಿಯಲ್ಲಿ ಬರೆದು, ಕೆಂಪು ಶಾಯಿಯಲ್ಲಿ ಗೆರೆ ಎಳೆದದ್ದು. ‘ಓದುಗರಿಗೆ ಉಪಯುಕ್ತ ವೆಬ್‌ಸೈಟುಗಳು’ ಎಂದು ತಲೆಬರಹ. ನೇಮಕಾತಿಗೆ ಒಂದು, ಪರೀಕ್ಷೆಯ ಫಲಿತಾಂಶಕ್ಕೆ ಒಂದು, ವಿಶ್ವವಿದ್ಯಾಲಯಗಳಿಗೆ ಒಂದಷ್ಟು, ಕೃಷಿಗೆ ಒಂದು. ಗ್ರಂಥಾಲಯದಲ್ಲಿ ಕಂಪ್ಯೂಟರ್ ಇರಲಿಲ್ಲ. ಗ್ರಂಥಪಾಲಕರೂ ಆ ಸೈಟುಗಳನ್ನು ನೋಡಿದವರಲ್ಲ. ಹತ್ತಿಯ ರೇಟು ನೋಡಲು ಸಾಲಗುಂದದಿಂದ ಬರುತ್ತಿದ್ದ ಹಿರಿಯರೊಬ್ಬರು ಒಂದು ದಿನ ಆ ಹಾಳೆಯ ಮುಂದೆ ಬಹಳ ಹೊತ್ತು ನಿಂತು ಕೇಳಿದರು:

“ಎಲ್ಲಾದಕ್ಕೂ ಮುಂದ ಮೂರು ಡಬ್ಲ್ಯೂ ಯಾಕ್ರಿ? ಒಂದು ಸಾಲೂದಿಲ್ಲೇನು?”

“ಸರಕಾರದ್ದು ಅಂದಮ್ಯಾಲ ಮೂರು ಪ್ರತಿ ಇರಬೇಕಲ್ಲರೀ ಯಜಮಾನ್ರ,” ಅಂದರು ಗ್ರಂಥಪಾಲಕರು.

ಹಿರಿಯರಿಗೆ ಉತ್ತರ ಒಪ್ಪಿಗೆಯಾಯಿತು. ಆ ಹಾಳೆಗೆ ಮಾತ್ರ ಎಂದೂ ಬ್ಲೇಡು ಬಿದ್ದಿರಲಿಲ್ಲ. ಯಾರಿಗೂ ಬೇಕಾಗಿರಲಿಲ್ಲ.

ಜುಲೈಯಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕರ ನೇಮಕಾತಿಯ ಪ್ರಕಟಣೆ ಬಂತು. ನಮ್ಮ ಮನೆಯಲ್ಲಿ ಅದಕ್ಕಾಗಿ ಕಾಯುತ್ತಿದ್ದವಳು ನನ್ನ ಅಕ್ಕ. ಟಿ.ಸಿ.ಎಚ್. ಶಿಕ್ಷಕ ತರಬೇತಿ ಮುಗಿಸಿ ಮಸ್ಕಿಯ ಒಂದು ಖಾಸಗಿ ಶಾಲೆಯಲ್ಲಿ ಕಲಿಸುತ್ತಿದ್ದಳು. ಲಗ್ನದ ಮಾತು ಬಂದು ಹೋಗಿ, ಬಂದು ಹೋಗಿ ತಾನಾಗಿ ನಿಂತಿತ್ತು. ಸರಕಾರಿ ಶಾಲೆಯ ಆಸೆ ಮಾತ್ರ ನಿಂತಿರಲಿಲ್ಲ. ಆ ವರ್ಷ ಅವಳಿಗೆ ವಯಸ್ಸು ಮೀರಿದೆ ಎಂದು ಶಾಲೆಯಲ್ಲಿ ಎಲ್ಲರೂ ಹೇಳಿಬಿಟ್ಟಿದ್ದರು. ನಮ್ಮ ವರ್ಗದವರಿಗೆ ಕೆಲವು ವರ್ಷ ಸಡಿಲಿಕೆ ಇದ್ದರೆ ಇದು ಕಡೆಯ ಅವಕಾಶ, ಇಲ್ಲದಿದ್ದರೆ ಮುಗಿದಂತೆ. ಸಡಿಲಿಕೆ ಇದೆಯೋ ಇಲ್ಲವೋ ಎಂಬುದು ಪ್ರಕಟಣೆಯ ಕೆಳಭಾಗದಲ್ಲಿ, ಅರ್ಜಿಯ ಕಡೆಯ ತಾರೀಖಿನ ಜೊತೆಗೇ ಇತ್ತು. ನಾನು ಗ್ರಂಥಾಲಯಕ್ಕೆ ಹೋಗುವಷ್ಟರಲ್ಲಿ ಸರಿಯಾಗಿ ಅಲ್ಲೇ ಕಿಟಕಿ ಬಿದ್ದಿತ್ತು.

ಮಸ್ಕಿಯಲ್ಲಿ ಆ ಪೇಪರು ತರಿಸುತ್ತಿದ್ದ ಮನೆಗಳಿಗೆ ಅಕ್ಕ ತಾನೇ ಹೋಗಿ ಕೇಳಿದಳು. ಒಂದು ಮನೆಯಲ್ಲಿ ಅದನ್ನು ಕಪಾಟಿಗೆ ಹಾಸಿ ಮೇಲೆ ಗೋಂದಿನ ಬಾಟಲಿ ಉರುಳಿಸಿದ್ದರು. ಇನ್ನೊಂದು ಮನೆಯದು ಮಿರ್ಚಿ ಭಜಿಯ ಅಂಗಡಿಗೆ ಹೋಗಿತ್ತು. ಅಂಗಡಿಯವರು ಪಾಪ ಹುಡುಕಿಕೊಟ್ಟರು. ಎಣ್ಣೆಯಲ್ಲಿ ನೆನೆದು ಎರಡೂ ಬದಿಯ ಅಕ್ಷರಗಳು ಒಂದರೊಳಗೊಂದು ಸೇರಿಕೊಂಡಿದ್ದವು. ಪರಿಚಯದವರೊಬ್ಬರು ರಾಯಚೂರಿಗೆ ಹೋದಾಗ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿದರೆ, ಪೇಪರಿನಲ್ಲಿ ಬಂದಿದೆ, ಅದನ್ನೇ ನೋಡಿ ಎಂದರಂತೆ.

ಆಗ ನನಗೆ ಗೋಡೆಯ ಹಾಳೆ ನೆನಪಾಯಿತು. ಅದರಿಂದ ನೇಮಕಾತಿಯ ಸೈಟನ್ನು ಬರೆದುಕೊಂಡು ಬಂದೆ.

“ಅಲ್ಲೂ ಯಾರರೆ ಬ್ಲೇಡ್ ಹಾಕಿದ್ರ?” ಅಂದಳು ಅಕ್ಕ.

“ಕಂಪ್ಯೂಟರಿಗೆ ಹೆಂಗ ಬ್ಲೇಡ್ ಹಾಕ್ತಾರಬೇ?”

“ನಮ್ಮ ಮಂದಿ ನಿನಗಿನ್ನಾ ಗೊತ್ತಿಲ್ಲ,” ಎಂದು ನಗುತ್ತ ಚಪ್ಪಲಿ ಹಾಕಿಕೊಂಡಳು.

ಇಂಟರ್‌ನೆಟ್ಟು ಇದೆ ಎಂದು ನಾವು ಕೇಳಿದ್ದದ್ದು ಲಿಂಗಸುಗೂರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಮಾತ್ರ. ಮನೆಯ ಮುಂದಿನ ಕೋಣೆಯಲ್ಲಿ ಮೂರು ಕಂಪ್ಯೂಟರು, ಅವಕ್ಕೆ ಮಗ್ಗದ ಸೀರೆಯಂಥ ಹೊದಿಕೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆವು. ನಡೆಸುತ್ತಿದ್ದವರು ಅಕ್ಕನ ವಯಸ್ಸಿನವರೇ. ಟೆಲಿಫೋನಿನ ವಯರನ್ನು ಒಂದು ಡಬ್ಬಿಗೆ ಸಿಕ್ಕಿಸಿ ಸಂಪರ್ಕ ಮಾಡಿದರು. ತಗಡಿನ ಮೇಲೆ ಕಲ್ಲು ಎಳೆದಂಥ ಸದ್ದು ಬಂದು ನಿಂತಿತು. ಪುಟ ಮೇಲಿನಿಂದ ಕೆಳಗೆ ಇಳಿಯತೊಡಗಿತು. ಮೊದಲು ಸರಕಾರದ ಲಾಂಛನದ ಅರ್ಧ, ಆಮೇಲೆ ಉಳಿದರ್ಧ. ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ಅವರ ತಾಯಿ ಯಾರಿಗೋ ಮಾತಾಡಲು ಫೋನು ಎತ್ತಿದರು. ಸಂಪರ್ಕ ಹೋಯಿತು.

“ಯವ್ವಾ, ಇಡ ಅದನ್ನ. ಗೌರ್ಮೆಂಟ್ ಲೈನಿನ್ಯಾಗ ಐತಿ,” ಎಂದು ಅವರು ಕೂಗಿ ಹೇಳಿದರು.

ಎರಡನೆಯ ಸಲ ಪುಟ ಪೂರ್ತಿ ಇಳಿಯಿತು. ನಾವಿಬ್ಬರೂ ಬಗ್ಗಿ ನೋಡಿದೆವು. ಒಂದು ಅಕ್ಷರವೂ ಕನ್ನಡ ಇರಲಿಲ್ಲ. ಇಂಗ್ಲಿಷೂ ಅಲ್ಲ. ಟೋಪಿ ಹಾಕಿದ ‘ಎ’ಗಳು, ಬಾಲ ಬಂದ ‘ಸಿ’ಗಳು, ನಡುನಡುವೆ ಪೌಂಡಿನ ಗುರುತು, ಸಾಲಿನ ಮೇಲೆ ಸಾಲು. ಅಕ್ಕ ಮೆತ್ತಗೆ, ಬ್ಲೇಡಿಗಿಂತ ಇದು ಭಾರಿ ಆಯಿತು ಎಂದಳು. ಆದರೆ ಅಂಕಿಗಳು ಕೆಟ್ಟಿರಲಿಲ್ಲ. ಆ ಗೊಂದಲದ ನಡುವೆ ಒಂದು ತಾರೀಖು ಸ್ವಚ್ಛವಾಗಿ ಕೂತಿತ್ತು. ಅದು ಮುಂದಿನ ಸೋಮವಾರ. ಇನ್ನೊಂದು ಕಡೆ ಬರಿಯ ಐದು ಎಂಬ ಅಂಕಿ. ಐದು ವರ್ಷವೋ, ಐದು ಪ್ರತಿಯೋ, ಐದು ಪಾಸ್‌ಪೋರ್ಟ್ ಫೋಟೋವೋ, ಯಾರಿಗೆ ಗೊತ್ತು.

ಆ ಸೈಟು ಬರೆದವರ ಕನ್ನಡ ಫಾಂಟು ತಮ್ಮ ಕಂಪ್ಯೂಟರಿನಲ್ಲಿ ಇಲ್ಲ, ಅದಿಲ್ಲದೆ ಅಕ್ಷರ ಹೀಗೆಯೇ ಕಾಣುವುದು ಎಂದು ಕೇಂದ್ರದವರು ತಿಳಿಸಿ ಹೇಳಿದರು. ಈ ಕಡೆ ಕನ್ನಡದ ಫಾಂಟು ಯಾರ ಹತ್ತಿರ ಇದೆ ಎಂದು ಅಕ್ಕ ಕೇಳಿದಳು.

“ಲಗ್ನಪತ್ರಿಕಿ ಹಾಕೋರ ಹತ್ರ ಇರ್ತಾವ್ರಿ ಅಕ್ಕಾರ. ಬ್ಯಾರೆ ಯಾರಿಗೆ ಬೇಕು?”

ಆ ಪುಟವನ್ನು ಒಂದು ಫ್ಲಾಪಿಗೆ ಹಾಕಿಕೊಟ್ಟರು. ಧೂಳು ತಾಗಬಾರದು, ಬಿಸಿಲು ತಾಗಬಾರದು, ಬಗ್ಗಬಾರದು ಎಂದರು. ಅಕ್ಕ ಅದನ್ನು ತನ್ನ ರೊಟ್ಟಿ ಡಬ್ಬಿಯಲ್ಲಿಟ್ಟು, ಕರ್ಚೀಪು ಹೊದಿಸಿ, ಮಸ್ಕಿಯ ತನಕ ಮಡಿಲಲ್ಲಿ ಹಿಡಿದು ಕೂತಳು. ಮರುದಿನ ಅದೇ ಡಬ್ಬಿಯೊಂದಿಗೆ ನಾನು ಸಿಂಧನೂರಿನ ಬಸ್ಸು ಹತ್ತಿದೆ. ಕಂಡಕ್ಟರರು ಬ್ಯಾಗಿನಲ್ಲಿ ಇಡಬಾರದೇ ಎಂದರೆ, ಸಾರು ಐತ್ರಿ ಎಂದೆ.

ಸಿಂಧನೂರಿನ ಪ್ರೆಸ್ಸಿನವರು ಖಾಲಿ ಕೂತಿದ್ದರು. ಆಷಾಢ ಮಾಸ, ಯಾರದೂ ಲಗ್ನವಿಲ್ಲ. ಫ್ಲಾಪಿಯಿಂದ ಒಂದೆರಡು ರೊಟ್ಟಿ ಪುಡಿ ಊದಿ ತೆಗೆದು ಕಂಪ್ಯೂಟರಿಗೆ ಹಾಕಿದರು. ಟೋಪಿಯ ‘ಎ’ಗಳೇ ಬಂದವು. ತಮ್ಮಲ್ಲಿದ್ದ ಫಾಂಟುಗಳನ್ನು ಒಂದೊಂದಾಗಿ ಹಚ್ಚಿ ನೋಡಿದರು. ಅಕ್ಷರಗಳು ಇನ್ನಷ್ಟು ಹುಚ್ಚಾದವು. ಕಡೆಗೆ ಒಂದು ಹಚ್ಚಿದಾಗ ಪರದೆಯ ಮೇಲೆ ಎಲ್ಲ ಒಮ್ಮೆಲೇ ಕನ್ನಡವಾಯಿತು. ಅದು ಅವರು ವಧೂವರರ ಹೆಸರಿಗೆಂದು ಇಟ್ಟುಕೊಂಡಿದ್ದ ಫಾಂಟು. ಪ್ರತಿ ಅಕ್ಷರದ ತುದಿಗೆ ಒಂದು ಬಳ್ಳಿ, ತಲೆಕಟ್ಟಿಗೆ ಒಂದು ಮೊಗ್ಗು. ‘ಜಾತಿ ಪ್ರಮಾಣಪತ್ರದ ದೃಢೀಕೃತ ಪ್ರತಿ’ ಎಂಬುದು ಬಳ್ಳಿ ಮೊಗ್ಗುಗಳ ನಡುವೆ ಅರಳಿ ನಿಂತಿತು. ಕೆಲವು ಒತ್ತಕ್ಷರಗಳು ಮುಂದಿನ ಅಕ್ಷರದ ಕೆಳಗೆ ಜಿಗಿದಿದ್ದವು, ಆದರೆ ಓದಬಹುದಿತ್ತು.

ನಾನು ಬೆರಳಿಟ್ಟು ಓದಿದೆ. ಐದು ಎಂಬುದು ವರ್ಷವೇ. ನಮ್ಮ ವರ್ಗದವರಿಗೆ ಐದು ವರ್ಷ ಸಡಿಲಿಕೆ. ಅಕ್ಕನಿಗೆ ಇನ್ನೂ ಕೆಲವು ತಿಂಗಳು ಉಳಿದಿದ್ದವು.

ಪ್ರೆಸ್ಸಿನವರ ಬಳಿ ಬಿಳಿ ಹಾಳೆ ಮುಗಿದಿತ್ತು. ಗುಲಾಬಿ ಬಣ್ಣದ ಮೂರು ಹಾಳೆಗಳಲ್ಲಿ ಮೂರು ಪ್ರತಿ ತೆಗೆದುಕೊಟ್ಟರು. ಹೊರಗೆ ಬಂದ ಮೇಲೆ ಗಮನಿಸಿದೆ: ಹಾಳೆಗಳ ಮೇಲ್ಗಡೆ ಮೊದಲೇ ಗಣಪತಿ, ಎರಡು ಬದಿಗೆ ಬಾಳೆಕಂಬ ಅಚ್ಚಾಗಿದ್ದವು.

ಒಂದು ಪ್ರತಿಯನ್ನು ಗ್ರಂಥಪಾಲಕರಿಗೆ ಕೊಟ್ಟು, ಎಲ್ಲರಿಗೂ ಕಾಣುವ ಹಾಗೆ ಹಚ್ಚಿರಿ ಎಂದೆ. ವೆಬ್‌ಸೈಟುಗಳ ಹಾಳೆಯ ಪಕ್ಕದಲ್ಲೇ ಹಚ್ಚಿದರು. ಮರುದಿನ ಹೋಗಿ ನೋಡಿದರೆ ಹಾಗೇ ಇದೆ. ಬ್ಲೇಡಿಲ್ಲ, ಏನಿಲ್ಲ. ನನಗೇ ಆಶ್ಚರ್ಯವಾಯಿತು. ಸಾಲಗುಂದದ ಹಿರಿಯರು ದೂರದಿಂದಲೇ ಹೇಳಿದರು:

“ಯಾರದರೀ ಅದು? ಆಷಾಢದಾಗ ಲಗ್ನ ಇಟ್ಟಾರ, ಧೈರ್ಯದ ಮಂದಿ.”

ಗಣಪತಿಯನ್ನು ನೋಡಿ ಯಾರೂ ಹತ್ತಿರ ಹೋಗಿ ಓದಿರಲೇ ಇಲ್ಲ. ಗ್ರಂಥಪಾಲಕರು ಎದ್ದು ಗಟ್ಟಿಯಾಗಿ ಓದಿದರು. ಎಲ್ಲರೂ ಕುರ್ಚಿ ಎಳೆದುಕೊಂಡು ಬಂದು ಬರೆದುಕೊಂಡರು. ಸಂಜೆ ನಾನು ಹೊರಡುವ ಮುಂಚೆ ಆ ಹಾಳೆಗೂ ಕಿಟಕಿ ಬಿತ್ತು. ಗಣಪತಿಯನ್ನೂ ಬಾಳೆಕಂಬಗಳನ್ನೂ ಬಿಟ್ಟು ನಡುವಿನದನ್ನಷ್ಟೇ ಒಯ್ದಿದ್ದರು.

ಇನ್ನೊಂದು ಪ್ರತಿ ಮನೆಯಲ್ಲಿ ಕಟ್ಟೆಯ ಮೇಲಿತ್ತು. ಮೊಸರು ಕೇಳಲು ಬಂದ ಪಕ್ಕದ ಮನೆಯ ಅತ್ತಿ ಅದನ್ನು ಕಂಡವರೇ ಕೂತುಬಿಟ್ಟರು. ಅವರಿಗೂ ನಮ್ಮವ್ವನಿಗೂ ಓದು ಬರುತ್ತಿರಲಿಲ್ಲ.

“ನಮಗ ಹೇಳದ ಮುಗಿಸೀರಿ. ವರ ಏನ್ ಮಾಡ್ತಾನ?”

“ಸರಕಾರದಾಗ ಅದಾನ,” ಅಂದಳು ಅಕ್ಕ, ಅರ್ಜಿ ತುಂಬುತ್ತ, ತಲೆ ಎತ್ತದೆ.

“ವಯಸ್ಸು?”

“ನನ್ನ ವಯಸ್ಸಿಗೆ ಒಪ್ಪ್ಯಾನ. ಐದು ವರ್ಷ ಬಿಟ್ಟುಕೊಟ್ಟಾನ.”

ನಾನು ಒಳಗೆ ಓಡಿ ನಕ್ಕೆ. ಅವ್ವನಿಗೆ ಸಂಗತಿ ಗೊತ್ತಿತ್ತು. ಆದರೂ ಅತ್ತಿ ಹೋದ ಮೇಲೆ ಆ ಹಾಳೆಯ ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿ, ಮೊದಲ ಲಗ್ನಪತ್ರಿಕೆ ಇಡುವ ಹಾಗೆ ದೇವರ ಜಗಲಿಯ ಮೇಲೆ ಇಟ್ಟಳು. ಗಣಪ್ಪ ಇರುವ ಹಾಳೆಯನ್ನು ಬರಿಗೈಲೆ ಎತ್ತಿಡಬಾರದಂತೆ. ಮೂರನೆಯ ಪ್ರತಿ ನೋಡಿಕೊಂಡು ಅಕ್ಕ ಪ್ರತಿಯೊಂದು ದಾಖಲೆ ಜೋಡಿಸಿ, ಶನಿವಾರವೇ ರಾಯಚೂರಿಗೆ ಹೋಗಿ ಅರ್ಜಿ ಕೊಟ್ಟು ಬಂದಳು.

ನೇಮಕಾತಿಯ ಆದೇಶ ಬಂದದ್ದು ಚಳಿಗಾಲದಲ್ಲಿ. ಟೈಪು ಮಾಡಿದ ಬೋಳು ಬಿಳಿ ಹಾಳೆ. ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಇದರ ಮ್ಯಾಲ ಗಣಪ್ಪ ಇಲ್ಲಲ್ಲ,” ಅಂದಳು. ನಾವು ತಡೆಯುವಷ್ಟರಲ್ಲಿ ಅದರ ಮೂಲೆಗಳಿಗೂ ಅರಿಷಿಣ ಬಿದ್ದಿತ್ತು.

ಅಕ್ಕನಿಗೆ ಗುರುಗುಂಟಾ ಕಡೆಯ ಒಂದು ಶಾಲೆ ಸಿಕ್ಕಿತು. ಹಾಜರಾಗುವ ದಿನ ಜೊತೆಗೆ ನಾನೂ ಹೋಗಿದ್ದೆ. ಮುಖ್ಯ ಗುರುಗಳು ಆದೇಶ ತೆಗೆದುಕೊಂಡು, ಹಳದಿ ಮೂಲೆಗಳನ್ನು ನೋಡಿ, ಕನ್ನಡಕ ಮೇಲೆ ಸರಿಸಿ ಅಕ್ಕನ ಮುಖ ನೋಡಿದರು.

“ಏನ್ರಿ ಟೀಚರ್, ಲಗ್ನಕ್ಕ ಕರಿಯಾಕ ಬಂದೀರೋ, ಡ್ಯೂಟಿಗೆ ಬಂದೀರೋ?”

“ಡ್ಯೂಟಿಗೇ ಬಂದೀನ್ರಿ ಸರ್. ಅದರ ಪತ್ರಿಕಿ ಆಷಾಢದಾಗ ಹಂಚೀವ್ರಿ,” ಅಂದಳು ಅಕ್ಕ.

ಅವರಿಗೆ ಏನೂ ತಿಳಿಯಲಿಲ್ಲ. ಹಾಜರಿ ಪುಸ್ತಕ ಮುಂದೆ ತಳ್ಳಿದರು. ಅಕ್ಕ ಬೆರಳಿಗೆ ಅಂಟಿದ್ದ ಅರಿಷಿಣವನ್ನು ಸೆರಗಿಗೆ ಒರೆಸಿಕೊಂಡು ಸಹಿ ಮಾಡಿದಳು.